ಅಂಗಡಿ ನೋಡುವ ಶಾಸ್ತ್ರ

ಮದುವೆಯಾದ ಎರಡನೇ ವರ್ಷ, ಒರಳಿನ ಮುಂದೆ ಕೂತು ಹಿಟ್ಟು ರುಬ್ಬುತ್ತಲೇ ಉಮಾಮಹೇಶ್ವರಿ ತನ್ನ ತಾಯಿಗೆ ಒಂದು ಮಾತು ಕೊಟ್ಟಿದ್ದಳು. ಮಗಳನ್ನು ನೋಡಿಹೋಗಲು ಕೊತ್ತಗೆರೆಗೆ ಬಂದ ತಾಯಿ, ಲಕ್ವ ಹೊಡೆದು ಮಲಗಿದ್ದ ಬೀಗರನ್ನು ಕಂಡಳು, ತೋಟದ ಆಳುಗಳಿಗೆ ಬೇಯುತ್ತಿದ್ದ ಮುದ್ದೆಯ ಹಂಡೆ ಕಂಡಳು, ಮಗಳ ತೊಡೆಯ ಮೇಲೆ ಜ್ವರ ಬಂದು ನರಳುತ್ತಿದ್ದ ಕೂಸನ್ನು ಕಂಡಳು. ಕಂಡು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಆಳು ಸಿಗಲಿಲ್ಲ ಅಂತ ಸೊಸೆ ತಂದವ್ರೆ ಕಣವ್ವ ಇವ್ರು," ಎಂದಿದ್ದಳು ಉಮಾ. "ನಾನು ಅತ್ತೆ ಆದ್ರೆ ಹಂಗೆ ಮಾಡಲ್ಲ. ಕೆಲಸಕ್ಕೆ ಜನ ಬೇಕು ಅಂತ ಈ ಮನೆಗೆ ಸೊಸೆ ತರಲ್ಲ. ನಿನ್ನಾಣೆ."

ತಾಯಿ ಅಳುವಿನ ನಡುವೆಯೇ ನಕ್ಕಿದ್ದಳು. "ಎಲ್ಲಾ ಅತ್ತೆರೂ ಸೊಸೆ ಆಗಿದ್ದಾಗ ಹಂಗೇ ಅಂದಿರ್ತಾರೆ ಬುಡು."

ತೊಡೆಯ ಮೇಲೆ ನರಳುತ್ತಿದ್ದ ಆ ಕೂಸು ಪ್ರಭುದೇವ. ಈಗ ಅವನಿಗೆ ಮದುವೆಯ ವಯಸ್ಸು. ತುಮಕೂರಿನ ಅಂತರಸನಹಳ್ಳಿಯ ಫ್ಯಾಕ್ಟರಿಯೊಂದರಲ್ಲಿ ಸೂಪರ್‌ವೈಸರ್. ದಿನಾ ಬೈಕಿನಲ್ಲಿ ಹೋಗಿ ಬರುತ್ತಾನೆ. ಮಾವ ತೀರಿಕೊಂಡು ಬಹಳ ಕಾಲವಾಯಿತು. ಅತ್ತೆ ಸಿದ್ಧಗಂಗಮ್ಮ ಇದ್ದಾಳೆ. ಕಾಲು ನಿಂತಿದೆ, ಬಾಯಿ ನಿಂತಿಲ್ಲ.

ಉಮಾಳ ಗಂಡ ಸದಾಶಿವಯ್ಯ ಮನೆಯ ಮುಂಭಾಗದಲ್ಲೇ ಔಷಧಿ ಅಂಗಡಿ ಇಟ್ಟಿದ್ದ. ಊರಿಗೆಲ್ಲ ಅದು ಸದಾಶಿವಯ್ಯನ ಮೆಡಿಕಲ್ಲು. ಸುತ್ತಿನ ಹಳ್ಳಿಗಳಿಗೆ ಅದು ಬಿಟ್ಟರೆ ಕುಣಿಗಲ್ಲೇ ಗತಿ. ಅಂಗಡಿ ಅವನದಾದರೂ ಮಾತ್ರೆ ಕೊಡುವ ಅಧಿಕಾರ ಅವನದಲ್ಲ. ಅವನು ಓದಿದ್ದು ಪಿಯುಸಿ. ಫಾರ್ಮಸಿ ಓದಿ, ರಿಜಿಸ್ಟ್ರೇಷನ್ ಮಾಡಿಸಿಕೊಂಡಿದ್ದವನು ಕುಣಿಗಲ್‌ನ ಅನಂತರಾಜು. ಬೆಳಿಗ್ಗೆ ಬಸ್ಸಿಗೆ ಬಂದು, ಬಿಳಿ ಕೋಟು ಹಾಕಿಕೊಂಡು, ಚೀಟಿ ನೋಡಿ ಔಷಧಿ ಕೊಟ್ಟು, ಸಂಜೆ ಬಸ್ಸಿಗೆ ಹೋಗುತ್ತಿದ್ದ. ಲೈಸೆನ್ಸಿನಲ್ಲಿ ಅವನ ಹೆಸರು ಇರುವ ತನಕವೇ ಅಂಗಡಿ. ಯುಗಾದಿ ಕಳೆದ ಮೇಲೆ ಅವನಿಗೆ ಮಂಡಿ ಆಪರೇಷನ್ ಆಯಿತು. ತಿಪಟೂರಿನ ಮಗಳ ಮನೆಯಿಂದ ಫೋನ್ ಬಂತು.

"ಸದಾಶಿವಣ್ಣ, ಕಾಲು ಮಡಚಕ್ಕೆ ಆಗ್ತಿಲ್ಲ. ಮಗಳು ಇನ್ನ ಬಸ್ ಹತ್ತಂಗಿಲ್ಲ ಅಂತವ್ಳೆ. ಬೇರೆಯವ್ರನ್ನ ನೋಡ್ಕಳಿ."

ಡ್ರಗ್ ಇನ್ಸ್‌ಪೆಕ್ಟರ್ ಸಮಾಧಾನದಿಂದಲೇ ಹೇಳಿದರು: ಇನ್ನೊಬ್ಬ ಫಾರ್ಮಸಿಸ್ಟ್ ಬರುವ ತನಕ ಶಟರ್ ಎತ್ತಬೇಡಿ, ಮಳೆಗಾಲ ಹಿಡಿಯುವುದರೊಳಗೆ ಯಾರೂ ಸಿಗದಿದ್ದರೆ ಲೈಸೆನ್ಸ್ ವಾಪಸ್ ಕೊಟ್ಟುಬಿಡಿ.

ಸದಾಶಿವಯ್ಯ ತುಮಕೂರಿನ ಕಾಲೇಜುಗಳಿಗೆ ಹೋಗಿ ಬಂದ. ಔಷಧಿ ಸಪ್ಲೈ ಮಾಡುವವರಿಗೆಲ್ಲ ಹೇಳಿಟ್ಟ. ಫೋನು ಬಂದರೂ ಮೊದಲ ಪ್ರಶ್ನೆ ಒಂದೇ: "ಕೊತ್ತಗೆರೆ ಎಲ್ಲಿ ಬರುತ್ತೆ ಸಾರ್?" ಸಿದ್ಧಾರ್ಥ್ ಎಂಬ ಹುಡುಗ ಒಬ್ಬ ಅಂಗಡಿ ನೋಡಲು ಬಂದೂ ಬಂದ. ಉಮಾ ಮಾಡಿಕೊಟ್ಟ ಅಕ್ಕಿರೊಟ್ಟಿ ತಿಂದ, ಕಾಫಿ ಕುಡಿದ, ಮೊಬೈಲನ್ನು ಎತ್ತಿ ಹಿಡಿದು ಅಂಗಳದ ನಾಲ್ಕೂ ಮೂಲೆ ಸುತ್ತಿದ. "ನಾಳೆ ಹೇಳ್ತೀನಿ ಅಂಕಲ್," ಎಂದು ಹೋದವನು ಮತ್ತೆ ಫೋನ್ ಎತ್ತಲಿಲ್ಲ.

"ರೊಟ್ಟಿ ಮೂರು ತಿಂದ," ಎಂದಳು ಸಿದ್ಧಗಂಗಮ್ಮ. "ಅದನ್ನಾದ್ರೂ ವಸೂಲ್ ಮಾಡ್ಬೇಕಿತ್ತು."

ಒಂದು ರಾತ್ರಿ ಊಟಕ್ಕೆ ಕೂತಾಗ ಸದಾಶಿವಯ್ಯ ಗಂಟಲು ಸರಿಮಾಡಿಕೊಂಡ. "ತುಮಕೂರಲ್ಲಿ ಒಬ್ಬ ಅವ್ನೆ. ಸರ್ಟಿಫಿಕೇಟ್ ಕೊಡ್ತಾನಂತೆ. ಗೋಡೆಗೆ ನೇತಾಕಂಡ್ರೆ ಸಾಕಂತೆ. ಆತ ಬರೋದೇನೂ ಬೇಡ್ವಂತೆ. ಬಾಡಿಗೆ ಥರ, ತಿಂಗಳಿಗಿಷ್ಟು ಅಂತ."

ಪ್ರಭುದೇವ ತುತ್ತು ಕೆಳಗಿಟ್ಟ. "ಇನ್ಸ್‌ಪೆಕ್ಟರ್ ಬಂದು ಫಾರ್ಮಸಿಸ್ಟ್ ಎಲ್ಲಿ ಅಂದ್ರೆ ಗೋಡೆ ತೋರಿಸ್ತೀರಾ ಅಪ್ಪಾಜಿ?"

"ಎಷ್ಟು ಜನ ಹಂಗೆ ಮಾಡ್ತಾ ಇಲ್ಲ?"

"ಮಾಡೋರು ಮಾಡ್ಲಿ. ಯಾರಿಗೋ ಮಾತ್ರೆ ಹೆಚ್ಚುಕಮ್ಮಿ ಆದ್ರೆ ಜೈಲಿಗೆ ಹೋಗೋದು ಗೋಡೆ ಅಲ್ಲ, ನೀವು."

"ಇಪ್ಪತ್ತು ವರ್ಷದಿಂದ ಅಂಗಡಿ ನಡೆಸಿದೀನಿ ಕಣೋ. ನಂಗೆ ಗೊತ್ತಿಲ್ವಾ ಯಾವ ಮಾತ್ರೆ ಯಾವುದಕ್ಕೆ ಅಂತ?"

"ಅನಂತರಾಜಣ್ಣ ಪಕ್ಕದಲ್ಲಿದ್ರು, ಅದಕ್ಕೆ ಗೊತ್ತಿತ್ತು."

"ಜೈಲಲ್ಲೂ ಮುದ್ದೆ ಹಾಕ್ತಾರೆ ಬುಡ್ಲಾ ಪ್ರಭು," ಎಂದಳು ಸಿದ್ಧಗಂಗಮ್ಮ. "ಇಷ್ಟು ಗಂಟು ಇರಲ್ಲ ಅಷ್ಟೆ."

ಉಮಾ ಅತ್ತೆಯ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟು ಒಳಗೆ ಹೋದಳು.

ಶಟರ್ ಮುಚ್ಚಿದ ಮೇಲೆ ಅವಳಿಗೆ ಹೊಸ ಕಷ್ಟ ಶುರುವಾಗಿತ್ತು. ಗಂಡ ದಿನವಿಡೀ ಮನೆಯಲ್ಲಿ. ಇಷ್ಟು ವರ್ಷ ಅಂಗಡಿಯಲ್ಲಿ ಕೂತಿದ್ದವನಿಗೆ ಈಗ ಮನೆಯ ಡಬ್ಬಿಗಳೇ ಔಷಧಿಯ ಡಬ್ಬಿಗಳು. ಮುಚ್ಚಳ ತೆಗೆದು ನೋಡುತ್ತಾನೆ, ಮೂಸುತ್ತಾನೆ. "ಈ ಕಡಲೆಬೇಳೆ ಯಾವಾಗ ತಂದಿದ್ದು? ಹುಳ ಬಿದ್ದವೆ ನೋಡು." ಹಸುವಿಗೆ ಹಿಂಡಿ ಹಾಕುವಾಗ ಹಿಂದೆ ನಿಲ್ಲುತ್ತಾನೆ. ಸಾರಿಗೆ ಹುಣಸೆಹಣ್ಣು ಕಿವುಚುವಾಗ "ಜಾಸ್ತಿ ಆಯ್ತೇನೋ" ಎನ್ನುತ್ತಾನೆ. ಕರೆಂಟು ಹೋದರೆ ಎದ್ದು ಓಡುತ್ತಾನೆ. ಅಂಗಡಿಯ ಫ್ರಿಜ್ಜಿನಲ್ಲಿ ಇನ್ಸುಲಿನ್ ಇದೆ.

"ರೀ, ತೋಟಕ್ಕಾದ್ರೂ ಹೋಗಿ. ಸೋಗೆ ಬಿದ್ದು ದಾರಿ ಮುಚ್ಕಂಡೈತೆ."

"ತೋಟದಲ್ಲಿದ್ದಾಗ ಫೋನ್ ಬಂದ್ರೆ?"

"ಫೋನು ತೋಟದಲ್ಲೂ ಹೊಡ್ಕಳುತ್ತೆ."

ಹಾಲಿನವನಿಗೆ, ಗ್ಯಾಸಿಗೆ, ಅತ್ತೆಯ ಆಸ್ಪತ್ರೆಗೆ ಉಮಾ ಕೈ ಹಾಕುತ್ತಿದ್ದದ್ದು ಅಂಗಡಿಯ ಗಲ್ಲಾಕ್ಕೆ. ಕೊಬ್ಬರಿಯ ದುಡ್ಡು ವರ್ಷಕ್ಕೆ ಒಂದೋ ಎರಡೋ ಸಲ ಬರುವಂಥದ್ದು. ಈಗ ಅವಳು ಮಗನನ್ನು ಕೇಳಬೇಕು. ಅವನೇನೋ ಕೊಡುತ್ತಿದ್ದ, ಕೇಳುವುದಕ್ಕೆ ಅವಳಿಗೆ ಬಾಯಿ ಬರುತ್ತಿರಲಿಲ್ಲ.

ಒಂದು ಸಂಜೆ ಎದುರು ಮನೆಯ ಸಂಗಮೇಶ್ ಬಂದ. "ಸದಾಶಿವಣ್ಣ, ಅವ್ವಂದು ಬಿಪಿ ಮಾತ್ರೆ ಮುಗ್ದೋಗದೆ. ಹಳೇ ಸ್ಟ್ರಿಪ್ ಇಲ್ಲೈತೆ ನೋಡಿ."

ಸದಾಶಿವಯ್ಯ ಹಿಂಬಾಗಿಲಿನಿಂದ ಅಂಗಡಿಗೆ ನುಗ್ಗಿ, ಮಾತ್ರೆಯನ್ನು ಪಂಚೆಯ ಮಡಿಕೆಯಲ್ಲಿಟ್ಟುಕೊಂಡು ಬರುವಷ್ಟರಲ್ಲಿ ಉಮಾ ಬಾಗಿಲಿಗೆ ಅಡ್ಡ ನಿಂತಿದ್ದಳು.

"ಇದೊಂದು ಸಲ ಕಣೇ."

"ಇವತ್ತು ಸಂಗಮೇಶನಿಗೆ, ನಾಳೆ ಊರಿಗೆಲ್ಲ. ಇಡ್ರಿ ಒಳಗೆ. ಇರೋ ಲೈಸೆನ್ಸೂ ಹೋಗ್ಲಿ ಅಂತಲಾ?"

ಸಂಗಮೇಶ್ ಬೈಕ್ ಒದ್ದು ಕುಣಿಗಲ್ ಕಡೆ ತಿರುಗಿಸಿದ. "ಮೆಡಿಕಲ್ಲು ಇಟ್ಕಂಡು ಬೀಗ ಹಾಕ್ಕಂಡು ಕೂತವ್ರೆ. ಏನ್ ಜನವೋ," ಎಂದದ್ದು ಇಬ್ಬರಿಗೂ ಕೇಳಿಸಿತು. ಆ ರಾತ್ರಿ ಸದಾಶಿವಯ್ಯ ಊಟ ಬೇಡವೆಂದು ಮಲಗಿದ.

ಮದುವೆ ದಲ್ಲಾಳಿ ಅಡವಿಯಪ್ಪನಿಗೆ ಹೇಳಿಕಳಿಸುವ ಯೋಚನೆ ಬಂದದ್ದು ಹೀಗೆ ಬೇಸತ್ತ ಮೇಲೆ. ಮೊದಲಿಗೆ ಅದರಲ್ಲಿ ಕಪಟವೇನೂ ಇರಲಿಲ್ಲ. ಯಾವ ಊರಿನಲ್ಲಿ ಯಾರ ಮಕ್ಕಳು ಏನು ಓದಿದ್ದಾರೆ ಎಂಬುದು ಅಡವಿಯಪ್ಪನಷ್ಟು ಸರ್ಕಾರಕ್ಕೂ ಗೊತ್ತಿರಲಿಕ್ಕಿಲ್ಲ. ಫಾರ್ಮಸಿ ಓದಿದ ಹುಡುಗನೋ ಹುಡುಗಿಯೋ ಯಾರಾದರೂ ಸರಿ, ಕೆಲಸಕ್ಕೆ ಬರುವವರು ಇದ್ದರೆ ಹೇಳು ಎಂದ ಸದಾಶಿವಯ್ಯ.

ಅಡವಿಯಪ್ಪ ಜಗಲಿಯ ಮೇಲೆ ಕಾಲು ಚಾಚಿ, ಮೊಬೈಲಿನಲ್ಲಿ ಫೋಟೋ ಸರಿಸುತ್ತ ಕೂತ. "ಅವ್ರೆ. ಗುಬ್ಬಿ ಮಹಾಲಿಂಗಯ್ಯನ ಮಗಳು. ಕೊಬ್ಬರಿ ವ್ಯಾಪಾರ ಅವರ್ದು, ನಿಮ್ಮ ಜನವೇ. ಹುಡುಗಿ ಬಿ.ಫಾರ್ಮ ಮಾಡಿ ತುಮಕೂರಲ್ಲಿ ಯಾವುದೋ ಮೆಡಿಕಲ್ಲಲ್ಲಿ ಕೆಲಸ ಮಾಡ್ತವ್ಳೆ. ಆದ್ರೆ ಬುದ್ಧೀ, ನನ್ನ ಬಾಯಲ್ಲಿ ಕೆಲಸ ಅಂದ್ರೆ ಯಾರು ಬಾಗಿಲು ತೆಗೀತಾರೆ? ಸಂಬಂಧ ಅಂದ್ರೆ ಕಾಫಿ ಕೊಟ್ಟು ಕೂರಿಸ್ತಾರೆ."

ಒಳಗಿನ ಮಂಚದಿಂದ ಸಿದ್ಧಗಂಗಮ್ಮನ ಧ್ವನಿ ಬಂತು. "ಸಂಬಂಧವೇ ಅನ್ನು. ಪ್ರಭೂಗೂ ವಯಸ್ಸಾಯ್ತು. ಸಂಬಳ ಕೊಟ್ಟು ಯಾಕೆ ತರ್ತೀರಿ? ತಾಳಿ ಕಟ್ಟಿ ತನ್ನಿ. ಮನೇಗೂ ಆಯ್ತು, ಅಂಗಡೀಗೂ ಆಯ್ತು. ಬಿಟ್ಟು ಹೋಗ್ತೀನಿ ಅನ್ನೋ ಭಯವೂ ಇರಲ್ಲ."

ಸದಾಶಿವಯ್ಯನ ಮುಖ ಒಂದು ತಿಂಗಳ ನಂತರ ಮೊದಲ ಸಲ ಅರಳಿತು. ಅವನು ಹೆಂಡತಿಯ ಕಡೆ ನೋಡಿದ.

ಉಮಾ ಕಾಫಿಯ ತಟ್ಟೆ ಹಿಡಿದು ನಿಂತಿದ್ದಳು. ತಾಯಿಗೆ ಕೊಟ್ಟ ಮಾತು ನೆನಪಿಗೆ ಬರಲಿಲ್ಲವೆಂದಲ್ಲ. ಬಂತು. ಆದರೆ ಇದು ರುಬ್ಬುವ ಕೆಲಸವಲ್ಲ, ಓದಿದ ಹುಡುಗಿ ಮಾಡುವ ಓದಿದ ಕೆಲಸ. ಮಗನಿಗೆ ಹೇಗೂ ಹೆಣ್ಣು ನೋಡಬೇಕು. ನೋಡಿ ಬಂದರೆ ನಷ್ಟವೇನು?

"ನೋಡ್ಕಂಡ್ ಬರೋಣ," ಎಂದಳು.

ಮಗ ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. "ಹುಡುಗಿ ನೋಡಕ್ಕೆ ಹೋಗೋದೋ, ಲೈಸೆನ್ಸ್ ನೋಡಕ್ಕೋ?"

"ಎರಡೂ ಒಂದೇ ಮನೇಲಿದ್ರೆ ನಾವೇನ್ಲಾ ಮಾಡಾಣ?" ಎಂದಳು ಅಜ್ಜಿ.

"ನಂಗೆ ಈಗ ಮದುವೆ ಬೇಡ ಅಂದಿದ್ನಲ್ಲಮ್ಮ."

"ಮದುವೆ ಆಗು ಅಂದ್ನಾ? ಬಾ ಅಂದೆ. ನಿಮ್ಮಪ್ಪ ಒಂದು ಹೊತ್ತು ಸರಿಯಾಗಿ ಉಂಡು ಎಷ್ಟು ದಿನ ಆಯ್ತು, ನೋಡಿದೀಯಾ?"

ತಂದೆಯ ಊಟದ ಮಾತು ಬಂದ ಮೇಲೆ ಅವನು ಒಪ್ಪಿಕೊಂಡ. ಭಾನುವಾರ ಗೆಳೆಯನ ಕಾರು ಕೇಳಿ ತಂದ.

ಗುಬ್ಬಿಯ ಮಹಾಲಿಂಗಯ್ಯನ ಮನೆಯಲ್ಲಿ ಬಾಗಿಲಿನಿಂದ ನಡುಮನೆಯ ತನಕ ಕೊಬ್ಬರಿಯ ವಾಸನೆ. ಉಪ್ಪಿಟ್ಟು, ಕೇಸರಿಬಾತು, ಬಾಳೆಹಣ್ಣು ಬಂದವು. ಮಹಾಲಿಂಗಯ್ಯ ಕೈಮುಗಿದುಕೊಂಡೇ ಓಡಾಡಿದ. ಅಡವಿಯಪ್ಪ ಎರಡನೇ ಸಲ ಕೇಸರಿಬಾತು ಹಾಕಿಸಿಕೊಂಡು, ಎರಡೂ ಮನೆತನವನ್ನು ಹೊಗಳಿದ. ಹಳದಿ ಸೀರೆ ಉಟ್ಟ ಹುಡುಗಿ ಕಾಫಿ ತಂದು ಎಲ್ಲರಿಗೂ ಕೊಟ್ಟು, ಚಾಪೆಯ ತುದಿಯಲ್ಲಿ ಕೂತಳು.

ಇನ್ನು ಗಂಡಿನ ತಾಯಿ ಏನಾದರೂ ಕೇಳಬೇಕು. ಎಲ್ಲರೂ ಉಮಾಳನ್ನು ನೋಡಿದರು. ಹಿಂದಿನ ರಾತ್ರಿಯಿಂದ ಗಂಡ ಕಿವಿಯಲ್ಲಿ ಊದಿದ್ದದ್ದೇ ಅವಳ ಬಾಯಿಗೆ ಬಂತು.

"ರಿಜಿಸ್ಟ್ರೇಷನ್ ರಿನೀವಲ್ ಆಗಿದೆಯೇನಮ್ಮ?"

ಅಡವಿಯಪ್ಪನ ಚಮಚ ನಿಂತಿತು. ಪ್ರಭುದೇವ ಕಣ್ಣು ಮುಚ್ಚಿಕೊಂಡ. ಮಹಾಲಿಂಗಯ್ಯ ಮಾತು ಅರ್ಥವಾಗದೆ ಎಲ್ಲರ ಮುಖ ನೋಡಿದ. ಹುಡುಗಿ ಮಾತ್ರ ತಲೆಯೆತ್ತಿ ನೆಟ್ಟಗೆ ನೋಡಿದಳು.

"ಆಗಿದೆ ಅಮ್ಮ," ಎಂದಳು. "ನೀವು ಇನ್ನೂ ನನ್ನ ಹೆಸರು ಕೇಳಲಿಲ್ಲ."

ಉಮಾಳ ಕಿವಿ ಬಿಸಿಯಾಯಿತು. ಹೆಸರು ಅವಳಿಗೆ ಗೊತ್ತಿತ್ತು, ಅಕ್ಷತಾ; ಅಡವಿಯಪ್ಪ ಹೇಳಿದ್ದ. ಆದರೆ ಕೇಳಿರಲಿಲ್ಲವೆಂಬುದು ನಿಜ.

"ನಿಮ್ಮದು ಮೆಡಿಕಲ್ ಇದೆ ಅಂತ ಇವ್ರು ಹೇಳಿದ್ರು. ಫಾರ್ಮಸಿಸ್ಟ್ ಇದಾರಾ?"

ಸದಾಶಿವಯ್ಯ ಕಾಫಿ ಲೋಟದೊಳಕ್ಕೆ ನೋಡಿದ. ಉಮಾ ಎದ್ದಳು. "ಕೈ ತೊಳ್ಕಬೇಕಿತ್ತು ಕಣಮ್ಮ. ಹಿತ್ತಲು ಯಾವ ಕಡೆ?"

ಹಿತ್ತಲಿನ ನಲ್ಲಿಯ ಹತ್ತಿರ ಸುಲಿದ ಕಾಯಿಯ ಮಟ್ಟೆ ರಾಶಿ ಬಿದ್ದಿತ್ತು. ಅಕ್ಷತಾ ಚೊಂಬಿನಲ್ಲಿ ನೀರು ಹಿಡಿದು ಕೊಟ್ಟಳು. ಕೈ ತೊಳೆಯುತ್ತಲೇ ಉಮಾ ಎಲ್ಲವನ್ನೂ ಹೇಳಿದಳು: ಅನಂತರಾಜುವಿನ ಮಂಡಿ, ಮುಚ್ಚಿದ ಶಟರು, ಅತ್ತೆಯ ಉಪಾಯ.

ಅಕ್ಷತಾ ನಕ್ಕಳು. ಕೋಪವೂ ಇತ್ತು ನಗುವಿನಲ್ಲಿ. "ಕೆಲಸಕ್ಕೆ ಅಂತ ಕರೆದಿದ್ರೆ ಸಂಬಳ ಎಷ್ಟು ಅಂತ ಕೇಳ್ತಿದ್ದೆ. ವಾರಕ್ಕೊಂದು ರಜಾ ಕೇಳ್ತಿದ್ದೆ. ಸರಿ ಬರ್ಲಿಲ್ಲ ಅಂದ್ರೆ ಬಿಡ್ತಿದ್ದೆ. ಸೊಸೆ ಅಂತ ಕರ್ಕೊಂಡು ಹೋದ್ಮೇಲೆ ರಜಾ ಯಾರನ್ನ ಕೇಳ್ಲಿ ಅಮ್ಮ? ಗಂಡನ್ನ ಕೇಳ್ಲಾ, ಮಾವನ್ನ ಕೇಳ್ಲಾ?"

ಉಮಾಳಿಗೆ ಉತ್ತರ ಗೊತ್ತಿತ್ತು. ಯಾರನ್ನು ಕೇಳಿದರೂ ಸಿಗುವುದಿಲ್ಲ. ಜ್ವರದ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ರುಬ್ಬಿದವಳಿಗೆ ಅದನ್ನು ಇನ್ನೊಬ್ಬರು ಹೇಳಬೇಕಿರಲಿಲ್ಲ.

"ತಪ್ಪಾಯ್ತು ಕಣವ್ವ. ನಾನು ಹಿಂಗೆ ಮಾಡಬಾರ್ದಿತ್ತು. ನಿಮ್ಮಪ್ಪಂಗೆ ನಾನೇ ಹೇಳ್ತೀನಿ."

"ಅಪ್ಪಂಗೆ ನಾನು ಹೇಳ್ಕೋತೀನಿ ಬಿಡಿ. ಅವರಿಗೆ ಅಭ್ಯಾಸ ಇದೆ." ಅಕ್ಷತಾ ಚೊಂಬು ಕೆಳಗಿಟ್ಟಳು. "ನಾನು ಹಳ್ಳಿಗೆ ಬರಲ್ಲ, ನನಗೆ ತುಮಕೂರೇ ಇಷ್ಟ. ಆದ್ರೆ ಒಂದು ಮಾತು. ನೀವು ತಪ್ಪು ಕಡೆ ಹುಡುಕ್ತಿದೀರಿ. ನಮ್ಮ ಕ್ಲಾಸಲ್ಲಿ ಹುಡುಗೀರೇ ಜಾಸ್ತಿ ಇದ್ವಿ. ಮುಕ್ಕಾಲು ಪಾಲು ಮದುವೆ ಆಗಿ, ಸರ್ಟಿಫಿಕೇಟ್ ಬೀರುವಿಗೆ ಹಾಕಿ ಅಡುಗೆ ಮಾಡ್ತಾ ಇದಾರೆ. ಮದುವೆ ಆಗದೆ ಇರೋರನ್ನ ಬಿಡಿ, ಆಗಿರೋರನ್ನ ಹುಡುಕಿ. ಕುಣಿಗಲ್ಲಲ್ಲೇ ಒಬ್ಬಳು ಇದಾಳೆ, ಸುಮನಾ ಅಂತ. ನಮಗೆಲ್ಲ ಅವಳೇ ಪಾಠ ಹೇಳಿಕೊಡ್ತಿದ್ಲು."

ವಾಪಸ್ ಬರುವಾಗ ಕಾರು ಹೆಬ್ಬೂರು ದಾಟಿತು. ಆಮೇಲೆ ಪ್ರಭುದೇವ, "ಅಮ್ಮ, ರಿಜಿಸ್ಟ್ರೇಷನ್ ರಿನೀವಲ್ ಆಗಿದೆಯೇನಮ್ಮ," ಎಂದು ತಾಯಿಯ ಧ್ವನಿಯಲ್ಲೇ ಹೇಳಿದ. ಉಮಾ ಅವನ ಬೆನ್ನಿಗೆ ಒಂದು ಕೊಟ್ಟಳು. ಕೊಟ್ಟವಳಿಗೇ ನಗು ತಡೆಯಲಾಗಲಿಲ್ಲ.

ಮನೆಗೆ ಬಂದು ಉಮಾ ಸುಮನಾಳ ವಿಷಯ ಹೇಳಿದ ಮೇಲೆ ಜಗಳವಾಯಿತು.

"ಇನ್ನೊಬ್ಬರ ಮನೆ ಸೊಸೇನ ಕೆಲಸಕ್ಕೆ ಕಳಿಸಿ ಅಂತ ಕೇಳಕ್ಕಾಗುತ್ತಾ? ಮರ್ಯಾದೆ ಏನಾಗುತ್ತೆ?" ಎಂದ ಸದಾಶಿವಯ್ಯ.

"ನಮ್ಮನೆಗೆ ಸೊಸೆ ಮಾಡ್ಕಂಡು ಅಂಗಡೀಲಿ ಕಟ್ಟಾಕೋದು ಮರ್ಯಾದೆನಾ?"

"ಕಟ್ಟಾಕೋದು ಅಂತ ಯಾರಂದ್ರು?"

"ಬಿಟ್ಟು ಹೋಗೋ ಭಯ ಇರಲ್ಲ ಅಂತ ಅತ್ತೆ ಅಂದಾಗ ನೀವು ಖುಷಿ ಆಗ್ಲಿಲ್ವಾ? ನಾನು ನೋಡ್ಲಿಲ್ವಾ?"

ಸಿದ್ಧಗಂಗಮ್ಮ ಮಂಚದಿಂದಲೇ, "ನಿನ್ನನ್ನ ತಂದಾಗ ನಾನೇನು ಕಟ್ಟಾಕಿದ್ನೇನೇ?" ಎಂದಳು.

ಉಮಾ ಅಡುಗೆಮನೆಯ ಬಾಗಿಲಲ್ಲಿ ತಿರುಗಿ ನಿಂತಳು. "ಹಗ್ಗ ಒಂದು ಇರ್ಲಿಲ್ಲ ಅತ್ತೆ."

ಮುದುಕಿ ಗೋಡೆಯ ಕಡೆ ಹೊರಳಿದಳು. "ಮಾಡೋರು ಯಾರೂ ಇರ್ಲಿಲ್ಲ ಕಣೇ ಆಗ," ಎಂದಳು, ಎಂದಿನ ಜೋರಿಲ್ಲದೆ. ಉಮಾ ಅಕ್ಕಿ ತೊಳೆಯಲು ಹೋದಳು.

ಬುಧವಾರ ಬೆಳಗಿನ ಕೆಲಸ ಮುಗಿಸಿ, ಅಕ್ಷತಾಳಿಂದ ವಿಳಾಸ ಕೇಳಿಕೊಂಡು ಅವಳೊಬ್ಬಳೇ ಬಸ್ಸು ಹತ್ತಿದಳು. ಕುಣಿಗಲ್‌ನಲ್ಲಿ ಸುಮನಾಳ ಮನೆಯ ಮಹಡಿ ಮೇಲೆ ಸಂಡಿಗೆ ಇಡುತ್ತಿದ್ದರು. ಸುಮನಾಳ ಅತ್ತೆ ಗಂಗಲಕ್ಷ್ಮಮ್ಮ ಒರಟು ಕೈಯ, ದೊಡ್ಡ ಕುಂಕುಮದ ಹೆಂಗಸು. ಬಂದವಳು ಯಾರು, ಯಾಕೆ ಬಂದಳು ಎಂದು ಕೇಳಿದ ಮೇಲೂ ಅವಳ ಕೈ ನಿಲ್ಲಲಿಲ್ಲ. ಉಮಾ ಸೆರಗು ಸಿಕ್ಕಿಸಿಕೊಂಡು ಪಕ್ಕದಲ್ಲಿ ಕೂತು, ತಾನೂ ಚಮಚದಲ್ಲಿ ಹಿಟ್ಟು ಬಿಡಲು ಶುರುಮಾಡಿದಳು.

"ನಮ್ಮ ಲಕ್ಷ್ಮೀಕಾಂತ ಸಂಪಾದಿಸ್ತಾನೆ ಕಣಮ್ಮ. ಸೊಸೆ ದುಡಿದು ತರೋ ಗತಿ ನಮಗೆ ಬಂದಿಲ್ಲ," ಎಂದಳು ಗಂಗಲಕ್ಷ್ಮಮ್ಮ.

"ಗತಿ ಬಂದಿರೋದು ನಮಗೆ. ಅದಕ್ಕೇ ನಾನು ಬಂದೆ."

"ಮದುವೆ ಆಗಿ ಐದಾರು ವರ್ಷ ಆಯ್ತು. ಅವಳಿಗೆ ಅದೆಲ್ಲ ಎಲ್ಲಿ ನೆನಪಿರುತ್ತೆ? ಸರ್ಟಿಫಿಕೇಟೂ ಹಳಸಿರುತ್ತೆ."

ಹಿಟ್ಟಿನ ಪಾತ್ರೆ ತಂದ ಸುಮನಾ ಅಲ್ಲೇ ನಿಂತಳು. ತೆಳ್ಳಗಿನ, ಕನ್ನಡಕದ ಹುಡುಗಿ. "ಹಳಸಿಲ್ಲ ಅತ್ತೆ. ರಿನೀವಲ್ ಮಾಡ್ಸಿದೀನಿ."

"ಯಾವಾಗ್ಲೇ ಮಾಡಿಸ್ದೆ?"

"ಗೌರಿ ಹಬ್ಬಕ್ಕೆ ಸೀರೆ ಬೇಡ, ದುಡ್ಡೇ ಕೊಡಿ ಅಂದಿದ್ನಲ್ಲ. ಅದರಲ್ಲೇ."

ಗಂಗಲಕ್ಷ್ಮಮ್ಮನ ಚಮಚ ಹಿಟ್ಟಿನಲ್ಲೇ ನಿಂತಿತು. "ಆ ಹಬ್ಬದಲ್ಲಿ ಹಳೇ ಸೀರೆ ಉಟ್ಕಂಡು ಬಾಗಿನ ಕೊಟ್ಟಳು ಇವಳು. ಓಣಿಯೆಲ್ಲ ನನ್ನ ಆಡ್ಕಂಡ್ರು, ಸೊಸೆಗೆ ಸೀರೆ ತೆಗೆಯಲ್ಲ ಅಂತ." ಅವಳು ಸೊಸೆಯನ್ನು ನೋಡಿದಳು. "ಬಾಯಿ ಇಲ್ವೇನೇ ನಿಂಗೆ? ಕೆಲಸಕ್ಕೆ ಹೋಗ್ಬೇಕು ಅಂತ ಒಂದಿನ ಕೇಳಿದ್ಯಾ?"

"ಕೇಳಿದ್ರೆ ಏನಂತಿದ್ರಿ?"

"ಬೇಡ ಅಂತಿದ್ದೆ," ಎಂದಳು ಗಂಗಲಕ್ಷ್ಮಮ್ಮ ಪ್ರಾಮಾಣಿಕವಾಗಿ.

ಮೂವರೂ ನಕ್ಕರು. ನಕ್ಕ ಮೇಲೂ ಗಂಗಲಕ್ಷ್ಮಮ್ಮ ಬಿಟ್ಟುಕೊಡಲಿಲ್ಲ. "ಅಂಗಡಿ ಹೆಂಗೈತೆ, ಮನೆ ಹೆಂಗೈತೆ, ಜನ ಹೆಂಗವ್ರೆ ಅಂತ ನೋಡದೆ ನಾನು ಹೂಂ ಅನ್ನಲ್ಲ."

"ಬನ್ನಿ. ಬಂದು ನೋಡಿ," ಎಂದಳು ಉಮಾ.

ಅವರು ಬಂದ ಭಾನುವಾರ ಕೊತ್ತಗೆರೆಯ ಮನೆಯಲ್ಲಿ ಬೆಳಗಿನಿಂದಲೇ ಗಡಿಬಿಡಿ. ಪ್ರಭುದೇವ ಶಟರ್ ಒರೆಸಿದ. ಸದಾಶಿವಯ್ಯ ಔಷಧಿಯ ಡಬ್ಬಿಗಳನ್ನು ಮೂರು ಸಲ ಜೋಡಿಸಿ, ಮಡಿ ಪಂಚೆ ಉಟ್ಟು, ವಿಭೂತಿ ಹಚ್ಚಿಕೊಂಡು ಬೆವರುತ್ತ ಕೂತ. ಉಮಾ ಉಪ್ಪಿಟ್ಟು, ಕೇಸರಿಬಾತು ಮಾಡಿ ತಟ್ಟೆ ಅವನ ಕೈಗೇ ಕೊಟ್ಟಳು.

"ನಾನು ತಗಂಡೋಗೋದಾ?"

"ಮತ್ತೆ? ನೋಡಕ್ಕೆ ಬಂದಿರೋದು ನಿಮ್ಮನ್ನ ಅಲ್ವಾ?"

ಅವನು ತಟ್ಟೆ ಹಿಡಿದು ನಡುಮನೆಗೆ ಹೋದ. ಗಂಗಲಕ್ಷ್ಮಮ್ಮ ಕುರ್ಚಿಯಲ್ಲಿ ಕೂತಿದ್ದಳು. ಒಂದು ಪಕ್ಕ ಮಗ ಲಕ್ಷ್ಮೀಕಾಂತ್, ಇನ್ನೊಂದು ಪಕ್ಕ ಸುಮನಾ. ಸದಾಶಿವಯ್ಯ ತಟ್ಟೆ ಇಟ್ಟು ಎಲ್ಲಿ ಕೂರಬೇಕೆಂದು ತಿಳಿಯದೆ ಚಾಪೆಯ ತುದಿಯಲ್ಲಿ ಕೂತ. ಬಾಗಿಲಿನ ಹಿಂದೆ ಪ್ರಭುದೇವ ಬಾಯಿಗೆ ಟವೆಲ್ ಒತ್ತಿಕೊಂಡ.

"ಹಿಂದುಗಡೆ ಟಾಯ್ಲೆಟ್ಟು ಐತಾ?" ಎಂದು ಶುರುಮಾಡಿದಳು ಗಂಗಲಕ್ಷ್ಮಮ್ಮ.

"ಐತಮ್ಮ. ಮನೇದೇ. ನೀರೂ ಬರುತ್ತೆ."

"ನಿಂತ್ಕಂಡೇ ಇರಬೇಕಾ, ಕುರ್ಚಿ ಹಾಕ್ತೀರಾ?"

"ಅನಂತರಾಜು ಕುರ್ಚಿ ಅಲ್ಲೇ ಐತೆ."

"ಕುಡ್ಕಂಡು ಬಂದು ನಿದ್ದೆ ಮಾತ್ರೆ ಕೊಡು ಅಂತ ಗಲಾಟೆ ಮಾಡೋರು?"

ಸದಾಶಿವಯ್ಯ ಬಾಯಿ ತೆರೆಯುವ ಮೊದಲೇ ಮಂಚದಿಂದ ಸಿದ್ಧಗಂಗಮ್ಮ ಉತ್ತರ ಕೊಟ್ಟಳು. "ನನ್ನ ಮಂಚ ಅಂಗಡಿ ಬಾಗಿಲಿಗೇ ಹಾಕಿಸ್ತೀನಿ. ನನ್ನ ಬಾಯಿಗೆ ಹೆದರ್ಕಂಡು ಬೀದಿ ನಾಯೀನೂ ಬರಲ್ಲ ಈ ಕಡೆ."

ಗಂಗಲಕ್ಷ್ಮಮ್ಮ ಮೊದಲ ಸಲ ಕೇಸರಿಬಾತಿಗೆ ಕೈ ಹಾಕಿದಳು.

ಆಮೇಲೆ ಸುಮನಾ ಕೇಳಿದಳು. ಧ್ವನಿ ಮೆತ್ತಗಿತ್ತು, ಮಾತು ಮೆತ್ತಗಿರಲಿಲ್ಲ. "ಅಂಕಲ್, ಚೀಟಿ ಇಲ್ಲದೆ ಕೊಡಬಾರದ್ದನ್ನ ನಾನು ಕೊಡಲ್ಲ. ನೀವೂ ಕೊಡಬಾರ್ದು. ನಾನು ಇಲ್ಲದಿದ್ದಾಗ ಶಟರ್ ಎತ್ತಬಾರ್ದು. ಸಂಜೆ ಆರಕ್ಕೆ ನಾನು ಹೊರಡ್ತೀನಿ."

"ಆರಕ್ಕಾ? ಜನ ಹೊಲದಿಂದ ಬರೋದೇ ಆಗ. ರಾತ್ರಿ ಒಂಬತ್ತರ ತನಕ ತೆಗ್ದಿರ್ತಿದ್ದೆ ನಾನು."

"ಅನಂತರಾಜಣ್ಣ ಹೋದ್ಮೇಲೂನಾ?" ಎಂದ ಪ್ರಭುದೇವ ಬಾಗಿಲಿನಿಂದ.

ಸದಾಶಿವಯ್ಯ ಮಗನನ್ನು ದುರುಗುಟ್ಟಿ ನೋಡಿದ. "ಇದೇನು ಮೆಡಿಕಲ್ಲೋ ಬ್ಯಾಂಕೋ?" ಎಂದು ಗೊಣಗಿದ. ಉಮಾ ಗಂಡನನ್ನೇ ನೋಡುತ್ತ ನಿಂತಳು. ಅವನು ಒಮ್ಮೆ ಅಂಗಡಿಯ ಕಡೆ ನೋಡಿದ, ಒಮ್ಮೆ ಸುಮನಾಳ ಕಡೆ. "ಆಗ್ಲಮ್ಮ," ಎಂದ. "ಆರಕ್ಕೆ ಅಂದ್ರೆ ಆರಕ್ಕೆ. ಜನಕ್ಕೆ ಹೇಳ್ತೀನಿ, ಅಭ್ಯಾಸ ಆಗುತ್ತೆ."

"ಸ್ಕೂಲಿಂದ ಬಂದ್ಮೇಲೆ ಇವಳ ಮಗೂನ ನಾನು ನೋಡ್ಕತೀನಿ," ಎಂದಳು ಗಂಗಲಕ್ಷ್ಮಮ್ಮ, ಕೈ ಒರೆಸಿಕೊಳ್ಳುತ್ತ. "ಒಂದೇ ಮಾತು. ಸಂಬಳ ಇವಳ ಕೈಗೇ ಕೊಡಬೇಕು. ಇವನ ಕೈಗಲ್ಲ."

"ಅಮ್ಮಾ!" ಎಂದ ಲಕ್ಷ್ಮೀಕಾಂತ್.

"ಏನ್ಲಾ ಅಮ್ಮ? ನಿನ್ನ ಕೈಗೆ ಕೊಟ್ಟಿದ್ದು ನಾನು ಯಾವತ್ತಾದ್ರೂ ವಾಪಸ್ ನೋಡಿದೀನಾ?"

ಅಡವಿಯಪ್ಪ ಇದ್ದಿದ್ದರೆ ತಾಂಬೂಲ ಬದಲಾಯಿಸುತ್ತಿದ್ದ. ಅವನಿಲ್ಲದ ಕಾರಣ ಉಮಾ ಹೆಂಗಸರಿಬ್ಬರಿಗೂ ಅರಿಸಿನ ಕುಂಕುಮ ಕೊಟ್ಟು, ಹೂವು ಮುಡಿಸಿ ಕಳಿಸಿದಳು.

ಮುಂದಿನ ಕೆಲಸ ಓಡಾಟದ್ದು. ಸುಮನಾಳ ಹೆಸರಿನಲ್ಲಿ ಅರ್ಜಿ ಹೋಯಿತು. ಇನ್ಸ್‌ಪೆಕ್ಟರ್ ಒಂದು ದಿನ ಬಂದು, ಅವಳನ್ನು ನಾಲ್ಕು ಮಾತು ಕೇಳಿ, ಫ್ರಿಜ್ಜು ನೋಡಿ, ಉಮಾ ಕೊಟ್ಟ ಮಜ್ಜಿಗೆ ಕುಡಿದು ಹೋದರು. ಅನುಮತಿ ಬಂದ ದಿನ ಸದಾಶಿವಯ್ಯ ರಾಗಿಹೊಲದ ಬದುವಿನ ಮೇಲಿದ್ದ. ಪ್ರಭುದೇವ ಆನ್‌ಲೈನಿನಲ್ಲಿ ನೋಡಿ ಫ್ಯಾಕ್ಟರಿಯಿಂದ ಫೋನ್ ಮಾಡಿ ಹೇಳಿದ. ಸದಾಶಿವಯ್ಯ ಅಲ್ಲೇ ಕೂತುಬಿಟ್ಟ. ಮನೆಗೆ ಬಂದು ಕಾಲು ತೊಳೆಯುವುದಕ್ಕೂ ಮುಂಚೆ, "ಉಮಾ, ಊಟಕ್ಕೆ ಏನೈತೆ?" ಎಂದ. ಎರಡು ಮುದ್ದೆ ಉಂಡು, ಮೂರನೆಯದು ಕೇಳಿದ. ಹುಣಸೆಹಣ್ಣಿನ ಮಾತೆತ್ತಲಿಲ್ಲ.

ಮಳೆ ಇನ್ನೂ ಹಿಡಿದಿರಲಿಲ್ಲ. ಸೋಮವಾರ ಬೆಳಿಗ್ಗೆ ಸುಮನಾ ತನ್ನ ಸ್ಕೂಟಿಯಲ್ಲಿ ಬಂದು, ಬಿಳಿ ಕೋಟು ಹಾಕಿಕೊಂಡಳು. ಮದುವೆಗೆ ಮುಂಚಿನ ಕೋಟು, ತೋಳು ಬಿಗಿಯಾಗಿತ್ತು. ಸದಾಶಿವಯ್ಯ ಶಟರ್ ಎತ್ತಿದ. ಮೊದಲು ಬಂದವನು ಸಂಗಮೇಶ್.

"ಚೀಟಿ ಎಲ್ಲಿ?" ಎಂದಳು ಸುಮನಾ.

"ಹಳೇ ಸ್ಟ್ರಿಪ್ ಐತಲ್ಲಮ್ಮ."

"ಚೀಟಿ ತನ್ನಿ ಅಣ್ಣ. ಮನೆ ಎದುರಿಗೇ ಅಲ್ವಾ?"

ಸಂಗಮೇಶ್ ಸದಾಶಿವಯ್ಯನ ಕಡೆ ನೋಡಿದ. ಸದಾಶಿವಯ್ಯ ಗಲ್ಲಾದ ಮೇಲಿನ ಧೂಳು ಹೊಡೆಯುತ್ತ, "ನನ್ನ ಏನ್ ನೋಡ್ತೀಯಾ? ಅವರು ಹೇಳಿದ್ದು ಕೇಳು," ಎಂದ. ಸಂಗಮೇಶ್ ಗೊಣಗುತ್ತ ಹೋಗಿ ಚೀಟಿ ತಂದ. ಅವಳು ಅದನ್ನು ಓದಿ, ಅವನ ತಾಯಿ ಮಾತ್ರೆಯನ್ನು ಊಟಕ್ಕೆ ಮುಂಚೆ ತೆಗೆದುಕೊಳ್ಳುತ್ತಾಳೋ ಆಮೇಲೋ ಎಂದು ಕೇಳಿ, ಕವರಿನ ಮೇಲೆ ಬರೆದುಕೊಟ್ಟಳು.

ಮಧ್ಯಾಹ್ನ ಶಟರ್ ಅರ್ಧ ಎಳೆದು ಎಲ್ಲರೂ ಊಟಕ್ಕೆ ಕೂತರು. ಸೊಪ್ಪಿನ ಸಾರು, ಮುದ್ದೆ, ಗಂಗಲಕ್ಷ್ಮಮ್ಮ ಕಳಿಸಿದ್ದ ಸಂಡಿಗೆ. ಉಂಡಾದ ಮೇಲೆ ಸುಮನಾ ಅಭ್ಯಾಸ ಬಲದಿಂದ ಎಲ್ಲರ ತಟ್ಟೆ ಎತ್ತಿಕೊಂಡು ಬಚ್ಚಲಿಗೆ ಹೊರಟಳು. ಉಮಾ ಅವಳ ಕೈಯಿಂದ ತಟ್ಟೆ ಕಿತ್ತುಕೊಂಡಳು.

"ಇಡು. ನೀನು ಅಂಗಡಿಗೆ ಬಂದಿರೋಳು."

"ಪರವಾಗಿಲ್ಲ ಆಂಟಿ, ಒಂದು ನಿಮಿಷ."

"ಒಂದು ನಿಮಿಷ ಅಂತಲೇ ಶುರುವಾಗೋದು ಕಣವ್ವ. ಹೋಗು, ಸ್ವಲ್ಪ ಕಾಲು ಚಾಚ್ಕಂಡು ಕೂತ್ಕ."

ಸಿದ್ಧಗಂಗಮ್ಮ ಅಡಕೆ ಅಗಿಯುತ್ತ ನೋಡುತ್ತಿದ್ದಳು. "ನನ್ನ ತಟ್ಟೆ ನಾನೇ ತೊಳ್ಕಬೇಕೇನೋ ಇನ್ಮೇಲೆ?"

"ನಿಮ್ಮ ಮಗ ತೊಳೀತಾರೆ," ಎಂದಳು ಉಮಾ. ಸದಾಶಿವಯ್ಯ ಅವಳ ಮುಖ ನೋಡಿದ. ತಮಾಷೆಯಲ್ಲವೆಂದು ಗೊತ್ತಾಗಿ, ತಟ್ಟೆಗಳನ್ನು ತೆಗೆದುಕೊಂಡು ಬಚ್ಚಲಿಗೆ ಹೋದ.

ಅಡವಿಯಪ್ಪ ಆ ವಾರ ಫೋನ್ ಮಾಡಿದ. ತಿಪಟೂರು ಕಡೆ ಇನ್ನೊಂದು ಸಂಬಂಧವಿದೆಯಂತೆ, ಹುಡುಗಿ ನರ್ಸಿಂಗ್ ಓದಿದ್ದಾಳಂತೆ, ಅಜ್ಜಿಯನ್ನು ನೋಡಿಕೊಳ್ಳಲು ಅನುಕೂಲವಂತೆ.

"ಬೇಡ ಅಡವಿಯಪ್ಪ," ಎಂದಳು ಉಮಾ. "ಪ್ರಭು ಮದುವೆ ಬೇಕು ಅಂದಾಗ ನಾನೇ ಹೇಳ್ತೀನಿ."

ಕೆಲಸಕ್ಕೆ ಜನ ಬೇಕೆಂದು ಅವಳು ಆ ಮನೆಗೆ ಸೊಸೆ ತರಲಿಲ್ಲ. ತಾಯಿಗೆ ಕೊಟ್ಟ ಮಾತು ಉಳಿಯಿತು.